ನಕ್ಷತ್ರ ಆಮೆಯ ಬಾಲ್ಯ



ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ಒಲಿಯುತ್ತಾಳೆಂದು ಹೇಳುವವರುಂಟು. ಅಂಗೈಯಲ್ಲಿ ಅಡಗುವಂಥ ಮರಿಗಳನ್ನು ಗುಟ್ಟಾಗಿ ಮಾರುವವರೂ ಉಂಟು. ಆ ಮರಿ ಕಾಡಿನಲ್ಲಿ ಹೇಗೆ ಬೆಳೆಯುತ್ತದೆಂಬುದನ್ನು ಈ ಹೊತ್ತು ನಾವು ನಾಲ್ಕು ಮಾತಿನಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಕ್ಷತ್ರ ಆಮೆ ನೀರಿನದಲ್ಲ, ನೆಲದ್ದು. ನಮ್ಮ ಕೋಲಾರ, ಚಿಂತಾಮಣಿಯ ಕಡೆಯ ಕುರುಚಲು ಕಾಡು, ಆಂಧ್ರ, ತಮಿಳುನಾಡು, ಗುಜರಾತ್, ರಾಜಸ್ಥಾನಗಳ ಒಣ ಸೀಮೆ ಅದರ ಬೀಡು. ತಾಯಿಯು ಗಟ್ಟಿ ನೆಲವನ್ನು ತನ್ನ ಮೂತ್ರದಿಂದ ನೆನೆಸಿ, ಹಿಂಗಾಲಿನಿಂದ ಗುಳಿ ತೋಡಿ, ಕೆಲವೇ ಮೊಟ್ಟೆಗಳನ್ನಿಟ್ಟು ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ಮರಿಯ ಮುಖ ನೋಡುವುದಿಲ್ಲ.

ಮೊಟ್ಟೆ ಒಡೆಯಲು ತಿಂಗಳುಗಳೇ ಬೇಕು. ಹೊರಬಂದ ಮರಿಯ ಉದ್ದ ಸುಮಾರು 4 ಸೆಂಟಿಮೀಟರ್. ಮೊಟ್ಟೆಯೊಳಗಿಂದ ಹೊಟ್ಟೆಯಲ್ಲಿ ಉಳಿಸಿಕೊಂಡು ತಂದ ಹಳದಿ ಲೋಳೆಯೇ ಮೊದಲ ದಿನಗಳ ಬುತ್ತಿ. ಚಿಪ್ಪಿನ್ನೂ ಮೆತ್ತಗೆ, ಮುಂಗುಸಿಗೋ ಹದ್ದಿಗೋ ಸುಲಭದ ತುತ್ತು. ಆದ್ದರಿಂದ ಅಡಗುವುದೇ ಅದರ ಮೊದಲ ಕೆಲಸ. ಬಿರುಬಿಸಿಲಿನಲ್ಲಿ ಪೊದೆಯ ಬುಡ ಸೇರುತ್ತದೆ. ಬೆಳಗ್ಗೆ ಸಂಜೆ ತಂಪಿನಲ್ಲಿ ಮೇಯುತ್ತದೆ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಓಡಾಟವೂ ಹೆಚ್ಚು, ಬೆಳವಣಿಗೆಯೂ ಹೆಚ್ಚು.

ಹುಟ್ಟಿದಾಗ ಬೆನ್ನಮೇಲೆ ನಕ್ಷತ್ರವಿರುವುದಿಲ್ಲ. ಹಳದಿಯ ಮೇಲೆ ಕೆಲವು ಕಪ್ಪು ಮಚ್ಚೆಗಳಷ್ಟೇ. ಚಿಪ್ಪಿನ ಒಂದೊಂದು ಬಿಲ್ಲೆಯ ಅಂಚಿಗೂ ಹೊಸ ಪದರ ಕೂಡುತ್ತ ಹೋದಂತೆ, ನಡುವಿನ ಹಳದಿಯಿಂದ ಕಿರಣಗಳು ಹೊರಡುತ್ತವೆ. ಇದು ಒಂದೆರಡು ತಿಂಗಳ ಮಾತಲ್ಲ. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು. ಹಿಡಿದೊಯ್ದ ಒಂದೊಂದು ಮರಿಯ ಹಿಂದೆಯೂ ಹುಟ್ಟಬೇಕಾಗಿದ್ದ ಸಂತಾನವೊಂದು ನಿಂತುಹೋಗುತ್ತದೆ.

ಬಿಸಿಲು ಕಾಣದ ಕೋಣೆಯಲ್ಲಿ ಅನ್ನ, ಬ್ರೆಡ್ಡು ತಿಂದು ಬೆಳೆದ ಮರಿಗೆ ಸುಣ್ಣದ ಅಂಶ ಸಾಲದೆ ಚಿಪ್ಪು ಡೊಂಕಾಗುತ್ತದೆ. ಅದಕ್ಕೇ ಒದಗದ ಭಾಗ್ಯವನ್ನು ಅದು ನಮಗೆ ತಂದೀತೆ? ನಕ್ಷತ್ರ ಆಮೆಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ ವನ್ಯಜೀವಿ ಕಾಯಿದೆಯಂತೆ ಅಪರಾಧ. 2019ರಲ್ಲಿ ರಾಷ್ಟ್ರಗಳೆಲ್ಲ ಕೂಡಿ, ಕಾಡಿನಿಂದ ಹಿಡಿದ ಈ ಆಮೆಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು.

ನಾವು ಹೊಟ್ಟೆಪಾಡಿಗೆ ಊರು ಬಿಟ್ಟವರು. ರಜೆ ಸಿಕ್ಕರೆ ಹೋಗಿಬರುತ್ತೇವೆ. ಚೀಲದಲ್ಲಿ ಕಟ್ಟಿ ತಂದ ಮರಿಗೆ ಆ ದಾರಿಯಿಲ್ಲ. ಯಾರಾದರೂ ಮಾರಲು ತಂದರೆ ದಯವಿಟ್ಟು ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಈಗಾಗಲೇ ಮನೆಯಲ್ಲಿದ್ದರೆ ಎಲ್ಲೆಂದರಲ್ಲಿ ಬಿಡದೆ ಇಲಾಖೆಗೇ ಒಪ್ಪಿಸಿ.