ಹುಲ್ಲು ಕೊಯ್ಯುವ ಟ್ರ್ಯಾಕ್ಟರು ಎಷ್ಟು ದೊಡ್ಡದಿರಬೇಕು?



ಮನೆ ಕಲಬುರಗಿ ಪೇಟೆಯ ಗಾಜಿಪುರದಲ್ಲಿ, ಹೊಲ ಕಮಲಾಪುರದ ಕಡೆಗೆ, ಇಂಥ ಮನೆತನದವರೂ, ಊರಲ್ಲೇ ಇದ್ದು ದನಕ್ಕೆ ಹುಲ್ಲು ಬೆಳೆಸುವವರೂ, ಶಾಲೆಯ ಮೈದಾನದ ಹೊಣೆ ಹೊತ್ತವರೂ ಒಂದು ಮಾತು ಕೇಳುವುದುಂಟು: “ಹುಲ್ಲು ಕೊಯ್ಯೋದಕ್ಕ ಟ್ರ್ಯಾಕ್ಟರ್ ತಗೋಬೇಕಂತ ಮಾಡೀವ್ರೀ, ಎಷ್ಟು ಅಶ್ವಶಕ್ತೀದು ತಗೊಳ್ಳೋಣ?” ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಆ ಟ್ರ್ಯಾಕ್ಟರಿನ ತೂಕ ಎಷ್ಟು? ನಮ್ಮ ನೆಲ ಅದನ್ನು ಯಾವಾಗ ತಾಳೀತು?

ನಮ್ಮ ಭಾಗದ್ದು ಬಹುಮಟ್ಟಿಗೆ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬೆಣ್ಣೆಯಂತಾಗುತ್ತದೆ. ಒಣಗಿದಾಗ ಕಲ್ಲು, ನೆನೆದಾಗ ರಾಡಿ. ತೊಂದರೆ ಇಲ್ಲಿಯೇ ಇದೆ. ಹುಲ್ಲು ಚೆನ್ನಾಗಿ ಬೆಳೆಯುವುದು ಮಳೆಗಾಲದಲ್ಲಿ. ನೆಲ ಮೆತ್ತಗಿರುವುದೂ ಅದೇ ಮಳೆಗಾಲದಲ್ಲಿ. ಹಸಿ ನೆಲದ ಮೇಲೆ ಭಾರದ ಚಕ್ರ ಹೋದರೆ ಮಣ್ಣಿನ ಸಂದುಗಳು ಮುಚ್ಚುತ್ತವೆ. ಬೇರಿಗೆ ಗಾಳಿ ಇಲ್ಲ, ಮಳೆ ನೀರಿಗೆ ಕೆಳಗೆ ಇಳಿಯಲು ದಾರಿ ಇಲ್ಲ. ಚಕ್ರದ ಜಾಡಿನಲ್ಲಿ ನೀರು ನಿಂತು ಹುಲ್ಲು ಹಳದಿಯಾಗುತ್ತದೆ, ಕೊನೆಗೆ ಅಲ್ಲಿ ಕಳೆ ಮಾತ್ರ ಉಳಿಯುತ್ತದೆ.

ಭಾರ ನೆಲಕ್ಕೆ ಹೇಗೆ ತಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ನಮ್ಮ ದೇವಣಿ ಎತ್ತಿನ ಗೊರಸು ಚಿಕ್ಕದು. ಹಸಿ ನೆಲದಲ್ಲಿ ಹೆಜ್ಜೆ ಇಟ್ಟಲ್ಲಿ ಕುಳಿ ಬೀಳುತ್ತದೆ. ಆದರೆ ಅದರ ಒಟ್ಟು ಭಾರ ಕಡಿಮೆ, ಆದುದರಿಂದ ಪೆಟ್ಟು ಮೇಲಿನ ಪದರದಲ್ಲೇ ನಿಲ್ಲುತ್ತದೆ. ಟ್ರ್ಯಾಕ್ಟರಿನ ಟೈರು ಅಗಲ. ಮೇಲಿನ ಗುರುತು ಅಷ್ಟೇನೂ ಕಾಣದಿರಬಹುದು. ಆದರೆ ಅಚ್ಚಿನ ಮೇಲಿನ ಭಾರ ಹೆಚ್ಚಿದಷ್ಟೂ ಒತ್ತಡ ಆಳಕ್ಕೆ ಇಳಿಯುತ್ತದೆ. ಮೇಲಿನ ಪೆಟ್ಟು ಟೈರಿನ ಗಾಳಿಯಿಂದ, ಆಳದ ಪೆಟ್ಟು ಭಾರದಿಂದ ಎಂದು ನೆನಪಿಡಿ. ಮೇಲಿನದನ್ನು ಕೆದಕಿ ಸರಿಮಾಡಬಹುದು. ಆಳದ್ದನ್ನು ಹುಲ್ಲು ಕೀಳದೆ ಸರಿಮಾಡುವುದು ಕಷ್ಟ.

ಇನ್ನು ಶಕ್ತಿಯ ಲೆಕ್ಕ. ಅದನ್ನು ಗೊತ್ತುಮಾಡುವುದು ಎಂಜಿನು ಅಲ್ಲ, ಕೊಯ್ಯುವ ಯಂತ್ರದ ಅಗಲ. ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡವೊಂದಿದೆಯಲ್ಲ, ಪಿ.ಟಿ.ಓ. ಎನ್ನುತ್ತಾರೆ, ಯಂತ್ರಕ್ಕೆ ಸಿಗುವುದು ಅಲ್ಲಿಯ ಶಕ್ತಿ. ಅದು ಎಂಜಿನಿನ ಶಕ್ತಿಗಿಂತ ಸುಮಾರು 15 ಪಾಲು ಕಡಿಮೆ ಎಂದು ಹಿಡಿಯಿರಿ, 100ಕ್ಕೆ 85 ಸಿಗುತ್ತದೆ. ಸುತ್ತು ತಿರುಗುವ ಕತ್ತಿಯ ಯಂತ್ರಕ್ಕೆ, ಅಂದರೆ ಸ್ಲ್ಯಾಷರಿಗೆ, ಅಗಲದ ಪ್ರತಿ ಅಡಿಗೆ ಸುಮಾರು 5 ಅಶ್ವಶಕ್ತಿ ಬೇಕು. 4 ಅಡಿಯ ಸ್ಲ್ಯಾಷರಿಗೆ ಪಿ.ಟಿ.ಓ.ದಲ್ಲಿ 20, ಅಂದರೆ ಎಂಜಿನಿನಲ್ಲಿ 24ರ ಆಸುಪಾಸು. 6 ಅಡಿಯದಕ್ಕೆ 30, ಅಂದರೆ ಎಂಜಿನಿನಲ್ಲಿ 35. ತೆಳುವಾದ ಗರಿಕೆಗೆ ಇದಕ್ಕಿಂತ ಕಡಿಮೆ ಸಾಕು. ಎದೆಯೆತ್ತರ ಬೆಳೆದ ದಪ್ಪ ಹುಲ್ಲಿಗೆ ಹೆಚ್ಚು ಬೇಕು.

ದನದ ಮೇವಿಗೆ ಕೊಯ್ಯುವವರು ಇನ್ನೊಂದು ವಿಷಯ ಗಮನಿಸಬೇಕು. ಸ್ಲ್ಯಾಷರು ಹುಲ್ಲನ್ನು ಚೂರುಮಾಡಿ ಚೆಲ್ಲುತ್ತದೆ. ಕತ್ತರಿಯಂತೆ ಅಡ್ಡಕ್ಕೆ ಓಡಾಡುವ ಹಲ್ಲುಪಟ್ಟಿಯ ಯಂತ್ರವು ಹುಲ್ಲನ್ನು ಇಡಿಯಾಗಿ ಮಲಗಿಸುತ್ತದೆ, ಒಣಗಿಸಿ ಬಣವೆ ಒಟ್ಟಲು ಅನುಕೂಲ. ಅದಕ್ಕೆ ಸ್ಲ್ಯಾಷರಿನಷ್ಟು ಶಕ್ತಿಯೂ ಬೇಡ, ಸಣ್ಣ ಟ್ರ್ಯಾಕ್ಟರೇ ಸಾಕು.

ಈಗ ತೂಕ ನೋಡಿರಿ. 15ರಿಂದ 20 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರು ಸಾಮಾನ್ಯವಾಗಿ 700ರಿಂದ 900 ಕಿಲೋ ತೂಗುತ್ತದೆ. 45ರಿಂದ 50ರದ್ದು ಸುಮಾರು 2 ಟನ್ನು. “ದೊಡ್ಡದು ತಗೊಂಡ್ರ ಬೇಗ ಮುಗೀತದಲ್ರೀ?” ಎನ್ನಬಹುದು. ನಿಜ, ಅಗಲದ ಯಂತ್ರ ಹಾಕಿದರೆ ಸುತ್ತುಗಳು ಕಡಿಮೆ. ಆದರೆ 4 ಅಡಿಯ ಯಂತ್ರ ತಾಸಿಗೆ 4 ಕಿಲೋಮೀಟರಿನಂತೆ ನಡೆದರೆ, ತಿರುವಿನ ಹೊತ್ತು ಸೇರಿ, ಎಕರೆಗೆ ಒಂದು ತಾಸಿನ ಕೆಲಸ. ಎರಡು ಮೂರು ಎಕರೆ ಹುಲ್ಲಿಗೆ ಅರ್ಧ ದಿನ ಸಾಕಾದರೆ, ಉಳಿಸಿದ ಒಂದೆರಡು ತಾಸಿಗಾಗಿ ದೊಡ್ಡ ಸಾಲ ಏಕೆ? ಆಳದ ಪೆಟ್ಟು ಏಕೆ? ತೊಗರಿ ಹೊಲ ಉಳಲು ದೊಡ್ಡದು ಈಗಾಗಲೇ ಮನೆಯಲ್ಲಿದ್ದರೆ ಮಾತು ಬೇರೆ; ಅದನ್ನೇ ಜಾಣತನದಿಂದ ಬಳಸಬಹುದು. ಹೇಗೆಂದರೆ:

ಒಂದು, ಉಳುಮೆಗೆಂದು ಹಿಂದಿನ ಟೈರಿಗೆ ತುಂಬಿದ ನೀರನ್ನೂ ಚಕ್ರಕ್ಕೆ ಕಟ್ಟಿದ ಕಬ್ಬಿಣದ ಭಾರವನ್ನೂ ತೆಗೆಸಿರಿ. ಒಂದೊಂದು ದೊಡ್ಡ ಟೈರಿನಲ್ಲಿ 100 ಲೀಟರಿಗೂ ಹೆಚ್ಚು ನೀರಿರುತ್ತದೆ. ಆದರೆ ಹಿಂದೆ ಯಂತ್ರ ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಏಳುವಂತಿದ್ದರೆ ಮುಂಭಾಗದ ಭಾರ ಇರಲಿ. ಅದು ಪ್ರಾಣದ ಮಾತು.

ಎರಡು, ಟೈರಿನ ಗಾಳಿಯನ್ನು ಕಂಪನಿಯ ಪಟ್ಟಿಯಲ್ಲಿ ಹೊಲದ ಕೆಲಸಕ್ಕೆ ಹೇಳಿದಷ್ಟಕ್ಕೆ ಇಳಿಸಿರಿ. ರಸ್ತೆಗೆ ಬರುವಾಗ ಮತ್ತೆ ಏರಿಸಿರಿ.

ಮೂರು, ಹುಲ್ಲಿನ ಮೇಲೆ ಗಿರಕ್ಕನೆ ತಿರುಗಿಸಬೇಡಿರಿ. ಟೈರಿನ ಹಲ್ಲು ಬೇರುಸಹಿತ ಹುಲ್ಲನ್ನು ಕೀಳುವುದು ತಿರುವಿನಲ್ಲೇ. ದೊಡ್ಡ ಸುತ್ತು ಹಾಕಿ, ಬದುವಿನ ಹತ್ತಿರ ತಿರುಗಿರಿ.

ನಾಲ್ಕು, ಮೇವಿನ ಹೊಲದಲ್ಲಿ ಪ್ರತಿ ಸಲ ಅದೇ ಜಾಡಿನಲ್ಲಿ ನಡೆಯಿರಿ. ಪೆಟ್ಟಿನ ಬಹುಪಾಲು ಮೊದಲನೆಯ ಓಡಾಟದಲ್ಲೇ ಆಗಿಹೋಗುತ್ತದೆ. ಎರಡು ಪಟ್ಟಿ ಕೆಟ್ಟರೂ ಉಳಿದ ನೆಲ ಬದುಕುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಹದ. ಹಸಿ ನೆಲದಲ್ಲಿ ಸಣ್ಣ ಟ್ರ್ಯಾಕ್ಟರೂ ಕೆಡಿಸುತ್ತದೆ, ಆರಿದ ನೆಲದಲ್ಲಿ ದೊಡ್ಡದೂ ಅಷ್ಟು ಕೆಡಿಸದು. ಹದ ನೋಡಲು ಯಂತ್ರ ಬೇಡ. ಒಂದು ಗೇಣು ಆಳದ ಮಣ್ಣನ್ನು ತೆಗೆದು ಅಂಗೈಯಲ್ಲಿ ಶ್ಯಾವಿಗೆಯಂತೆ ಹೊಸೆಯಿರಿ. ಸಣ್ಣ ಎಳೆಯಾಗಿ ಬಂದರೆ ಟ್ರ್ಯಾಕ್ಟರನ್ನು ಮನೆಯಲ್ಲೇ ನಿಲ್ಲಿಸಿರಿ. ಪುಡಿಪುಡಿಯಾಗಿ ಮುರಿದರೆ ಹೊರಡಿರಿ. ಮೇಲೆ ಒಣಗಿದಂತೆ ಕಂಡರೂ ಎರೆ ಭೂಮಿ ಒಳಗೆ ಹಸಿ ಇರುತ್ತದೆ, ಆದ್ದರಿಂದ ಬರೀ ಕಣ್ಣನ್ನು ನಂಬಬೇಡಿರಿ. ಮಳೆ ಬಿಡದೆ ಹಿಡಿದರೆ ದನಕ್ಕೆ ಬೇಕಾದಷ್ಟನ್ನು ಕುಡುಗೋಲಿನಿಂದ ಕೊಯ್ದು ತನ್ನಿರಿ.

ಕತ್ತಿಯನ್ನು ತೀರ ಕೆಳಕ್ಕೆ ಇಳಿಸಬಾರದು. ಮೇವಿಗಾದರೆ ನಾಲ್ಕು ಬೆರಳು ಬುಡ ಬಿಡಿರಿ. ಮೈದಾನದ ಗರಿಕೆಯಾದರೆ ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿರಿ. ಸ್ಲ್ಯಾಷರು ಕಲ್ಲು ಎಸೆಯುತ್ತದೆ. ಮೊದಲು ಕಲ್ಲು ಆರಿಸಿ, ಮಕ್ಕಳನ್ನು ದೂರ ಕಳಿಸಿ, ತಿರುಗುವ ದಂಡಕ್ಕೆ ಮುಚ್ಚಳ ಇದೆಯೋ ನೋಡಿ, ಆಮೇಲೆ ಚಾಲೂ ಮಾಡಿರಿ.

ಕೊಳ್ಳುವ ಮೊದಲು ಒಂದು ಹಂಗಾಮು ಬಾಡಿಗೆಗೆ ತಂದು ನೋಡುವುದು ಒಳ್ಳೆಯದು. ಇದಕ್ಕೆಂದೇ ಸರಕಾರವು 2014-15ರಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳ ಯೋಜನೆ ತಂದಿತು. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ನಾಲ್ಕು ಮನೆಯವರು ಕೂಡಿ ಒಂದು ಸಣ್ಣ ಟ್ರ್ಯಾಕ್ಟರು ಇಟ್ಟುಕೊಂಡರೂ ನಡೆದೀತು.

ತಾತ್ಪರ್ಯವಿಷ್ಟೆ: ಶಕ್ತಿಯನ್ನು ಕತ್ತಿಯ ಅಗಲ ನೋಡಿ ಆರಿಸಿರಿ, ತೂಕವನ್ನು ನೆಲ ನೋಡಿ ಆರಿಸಿರಿ, ದಿನವನ್ನು ಹದ ನೋಡಿ ಆರಿಸಿರಿ. ಟ್ರ್ಯಾಕ್ಟರು ಹಳತಾದರೆ ಇನ್ನೊಂದು ತರಬಹುದು. ಹೊಲ ಇರುವುದು ಒಂದೇ.