ವಂಶಾವಳಿಯಲ್ಲಿ ಮರೆಮಾಡದ ಹೆಸರುಗಳು
(ಮಾತೆ ಮರಿಯಮ್ಮನವರ ಜನ್ಮೋತ್ಸವದ ಪ್ರಬೋಧನೆ)



ಇಂದು ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮೋತ್ಸವ. ಇಂದಿನ ಶುಭಸಂದೇಶದಲ್ಲಿ ಹೆಸರಿನ ಮೇಲೆ ಹೆಸರು ಬರುವಾಗ ಎಷ್ಟೋ ಮಂದಿಗೆ ತೂಕಡಿಕೆ. ಆದರೆ ಸಂತ ಮತ್ತಾಯರು ಯಾರನ್ನು ಸೇರಿಸಿದ್ದಾರೆ ನೋಡಿ: ಯೆರಿಕೋವಿನ ರಾಹಾಬಳು, ಮೋವಾಬಿನ ರೂತಳು. ಇಬ್ಬರೂ ಹೊರಗಿನವರು. ದಾವೀದರಾಜನ ವಂಶವನ್ನು ಹೇಳುವಾಗ ಈ ಅಜ್ಜಿಯರನ್ನು ಅವರು ಮುಚ್ಚಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ಕಲಬುರಗಿ ನಗರದಲ್ಲಿ ಕೆಲಸಕ್ಕಿದ್ದ ಯುವಕನೊಬ್ಬ ಮದುವೆಗೆಂದು ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿಕೊಂಡು ಬಂದ. ರಿಜಿಸ್ಟರಿನಲ್ಲಿ ಹುಟ್ಟಿದ ಊರು ಎಂಬಲ್ಲಿ ಕಮಲಾಪುರದ ಹತ್ತಿರದ ಲಂಬಾಣಿ ತಾಂಡಾದ ಹೆಸರಿತ್ತು. "ಫಾದರ್, ತಾಂಡಾ ಅಂತ ಬರೀಬ್ಯಾಡ್ರಿ. ಕಲಬುರಗಿ ಅಂತ ಬರದು ಕೊಡ್ರಿ. ಹುಡುಗಿ ಮನ್ಯಾಗ ನೋಡ್ತಾರ" ಎಂದ. ಇದ್ದದ್ದನ್ನು ಇದ್ದಂತೆ ಬರೆಯಬೇಕಪ್ಪ ಎಂದೆ. ಅವನ ಮುಖ ಸಣ್ಣದಾಯಿತು.

ಅವನ ಅಜ್ಜಿಯ ಹೆಸರನ್ನೂ ಹುಡುಕಿದೆವು. ಹಳೆಯ ಪುಟದಲ್ಲಿ 'ಮೇರಿ' ಎಂದಷ್ಟೇ ಇತ್ತು. ತಾಂಡಾದ ಜನ ಅವಳನ್ನು ಕರೆಯುತ್ತಿದ್ದ ಹೆಸರಿಲ್ಲ, ಗೋತ್ರವಿಲ್ಲ. ಈಗ ತಲೆ ತಗ್ಗಿಸುವ ಸರದಿ ನನ್ನದು. ಅಜ್ಜಿಯನ್ನು ಮರೆಮಾಡಿದವನು ಆ ಹುಡುಗನೊಬ್ಬನೇ ಅಲ್ಲ, ಬರೆಯುವ ನಮ್ಮ ಕೈಯೂ ಮರೆತಿತ್ತು. "ಮುತ್ಯಾನ ಹತ್ತಿರ ಹೋಗಿ ಕೇಳು" ಎಂದು ಕಳುಹಿಸಿದೆ. ವಾರದ ಮೇಲೆ ನಾಲ್ಕು ತಲೆಮಾರಿನ ಹೆಸರುಗಳನ್ನು ಬರೆದುಕೊಂಡು ಬಂದ!

ಆ ಹೆಸರುಗಳ ಹಿಂದೆ ದೊಡ್ಡ ಚರಿತ್ರೆಯಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನಿನ ಉದ್ದಗಲ ನಡೆದವರು ಲಂಬಾಣಿಗರು. 19ನೇ ಶತಮಾನದಲ್ಲಿ ರೈಲು ಬಂದು ಆ ವ್ಯಾಪಾರ ಕುಸಿಯುತ್ತಾ ಹೋದಾಗ ತಾಂಡಾಗಳಲ್ಲಿ ನೆಲೆನಿಂತರು. ಇಂದು ಕರ್ನಾಟಕದ ಪಟ್ಟಿಯಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿ ದಾಟಿದರೆ ಕಾಗದ ಬದಲಾಗುತ್ತದೆ, ಅಜ್ಜಿ ಬದಲಾಗುವುದಿಲ್ಲ.

ಜ್ಞಾನತಂದೆ, ಜ್ಞಾನತಾಯಿಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1563ರಲ್ಲೇ ಟ್ರೆಂಟ್ ಮಹಾಸಭೆ ವಿಧಿಸಿತು. ಆದ್ದರಿಂದ ಹಿರಿಯರನ್ನು ಹುಡುಕುವವರು ಆ ಕಾಲಂ ಸಹ ನೋಡಿ; ಅಲ್ಲಿ ನೆಂಟರ, ನೆರೆಯವರ ಸುಳಿವು ಸಿಕ್ಕೀತು. ನಮ್ಮ ಕಲಬುರಗಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರ ಜೂನ್ 24ರಂದು. ಅದಕ್ಕಿಂತ ಹಿಂದಿನ ದಾಖಲೆಗಾಗಿ ನಿಮ್ಮ ಊರು ಆಗ ಯಾವ ಧರ್ಮಕೇಂದ್ರಕ್ಕೆ ಸೇರಿತ್ತೆಂದು ಹಿರಿಯರಲ್ಲಿ ವಿಚಾರಿಸಿ. ಒಂದು ಮಾತು ನೆನಪಿರಲಿ: ದೀಕ್ಷಾಸ್ನಾನದ ಪತ್ರ ಜಾತಿ ಪ್ರಮಾಣಪತ್ರವಲ್ಲ. ಅದು ನೀವು ದೇವರ ಮಕ್ಕಳೆಂಬುದಕ್ಕೆ ಸಾಕ್ಷಿ. ದೇವರ ಮಕ್ಕಳಾಗಲು ಮುತ್ಯಾನ ಮೊಮ್ಮಕ್ಕಳಾಗಿರುವುದನ್ನು ಬಿಡಬೇಕಾಗಿಲ್ಲ.

ಕಮಲಾಪುರದ ಕೆಂಪು ಬಾಳೆಯನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ತಾಯಿಗಿಡದ ಬುಡದಿಂದ ಎದ್ದ ಕಂದನ್ನು ತಂದು ನೆಡುತ್ತಾರೆ. ಹೊಸ ಮಣ್ಣಿಗೆ ಬಂದರೂ ಅದರ ರುಚಿ ತಾಯಿಯದೇ.

ಈ ಹಬ್ಬದ ಸಂಜೆ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಅವರ ಅಜ್ಜ ಅಜ್ಜಿಯರ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ತಾಂಡಾದ ಹೆಸರು, ಗುಡಿಸಲಿನ ಹೆಸರು, ಯಾವುದನ್ನೂ ಬಿಡಬೇಡಿ. ಆ ಯುವಕನ ಮದುವೆಯ ದಿನ ಅವನ ಮುತ್ಯಾ ಮೊದಲ ಸಾಲಿನಲ್ಲಿ ಕುಳಿತಿದ್ದರು. ಮಾತೆ ಮರಿಯಮ್ಮನವರು ನಮ್ಮ ಮನೆಗಳಿಗೂ ಆ ಧೈರ್ಯವನ್ನು ಬೇಡಿಕೊಡಲಿ. ಆಮೆನ್.