ಔಷಧಿಗಾರರ ಬೇಡಿಕೆ ಮತ್ತು ಸರಬರಾಯಿ



ವೈದ್ಯರ ಚೀಟಿಯನ್ನು ಹಿಡಿದು ಔಷಧದ ಅಂಗಡಿಗೆ ಹೋದವರು ಅಲ್ಲಿನ ಗೋಡೆಯನ್ನು ಒಂದು ಕ್ಷಣ ನೋಡಬೇಕು. ಗಾಜಿನ ಚೌಕಟ್ಟಿನೊಳಗೆ ಒಂದು ರಿಜಿಸ್ಟ್ರೇಷನ್ ಪತ್ರ ತೂಗುತ್ತಿರುತ್ತದೆ. ಅದರಲ್ಲಿ ಹೆಸರಿರುವ ಮನುಷ್ಯನು ಅಂಗಡಿಯಲ್ಲಿ ಇದ್ದಾನೆಯೇ ಎಂಬುದೇ ನನ್ನ ಈ ಹೊತ್ತಿನ ಪ್ರಸಂಗ.

ಬೇಡಿಕೆಗೂ ಸರಬರಾಯಿಗೂ ಇರುವ ಸಂಬಂಧವನ್ನು ಸಂತೆಗೆ ಹೋದವರೆಲ್ಲರೂ ಬಲ್ಲರು. ಔಷಧಿಗಾರನ, ಎಂದರೆ ಫಾರ್ಮಸಿಸ್ಟನ, ಉದ್ಯೋಗಕ್ಕಾದರೋ ಬೇಡಿಕೆಯನ್ನು ಹುಟ್ಟಿಸಿದ್ದು ಸಂತೆಯಲ್ಲ, ಕಾಯಿದೆ. 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮಿನಂತೆ, ರಿಜಿಸ್ಟರಾದ ಫಾರ್ಮಸಿಸ್ಟನ ಹೊರತು ಮತ್ತಾರೂ ವೈದ್ಯರ ಚೀಟಿಯ ಮೇಲೆ ಔಷಧವನ್ನು ಕೂಡಿಸಿ ಕೊಡಕೂಡದು. ವೈದ್ಯರು ತಮ್ಮ ರೋಗಿಗಳಿಗೆ ತಾವೇ ಕೊಡುವುದಕ್ಕೆ ವಿನಾಯಿತಿಯುಂಟು. ಆದ್ದರಿಂದ ಅಂಗಡಿಗೆ ಒಬ್ಬನಾದರೂ ಬೇಕೇ ಬೇಕು. ಬೆಳಗಿನಿಂದ ರಾತ್ರಿ ಹತ್ತರವರೆಗೆ ತೆರೆದಿರುವ ಅಂಗಡಿಗೆ ನ್ಯಾಯವಾಗಿ ಇಬ್ಬರು ಬೇಕು.

ಹೀಗಿದ್ದೂ, ಡಿಪ್ಲೊಮಾಕ್ಕೆ ಎರಡು ವರ್ಷ, ಅದರ ಮೇಲೆ 500 ಗಂಟೆಗಳ ಅನುಭವಶಿಕ್ಷಣ, ಪದವಿಗಾದರೆ ನಾಲ್ಕು ವರ್ಷ ಓದಿ ಬಂದ ತರುಣನಿಗೆ ಸಂಬಳ ಅಲ್ಪವೆಂಬ ದೂರು ಕೇಳಿಬರುತ್ತಲೇ ಇದೆ. ಕಾಲೇಜುಗಳು ಹೆಚ್ಚಿ ಸರಬರಾಯಿ ಮಿತಿಮೀರಿತು ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಭಾರತದ ಫಾರ್ಮಸಿ ಕೌನ್ಸಿಲು 2019ರಲ್ಲಿ, ಮುಂದಣ ವರ್ಷದಿಂದ ಐದು ವರ್ಷ ಹೊಸ ಕಾಲೇಜು ಬೇಡವೆಂದು ತಡೆ ಹಾಕಿತು. ನಮ್ಮ ಹಾಸನದ ಕಾಲೇಜೊಂದೂ ಸೇರಿದಂತೆ ಹಲವರು ನ್ಯಾಯಸ್ಥಾನಕ್ಕೆ ಹೋದರು. ಕರ್ನಾಟಕದ ಹೈಕೋರ್ಟು ತಡೆಯನ್ನು ರದ್ದುಮಾಡಿತು; 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ವಿದ್ಯಾಸಂಸ್ಥೆಯನ್ನು ಸ್ಥಾಪಿಸುವ ಹಕ್ಕಿಗೆ ಅಡ್ಡಿ ಬರುವುದಾದರೆ ಕಾನೂನಿನಿಂದಲೇ ಬರಬೇಕು, ಬರಿಯ ಆಡಳಿತದ ನಿರ್ಣಯದಿಂದಲ್ಲ ಎಂಬುದು ತೀರ್ಪಿನ ಸಾರ.

ತೀರ್ಪು ಸರಿಯೇ. ಆದರೆ ರೋಗದ ಮೂಲ ಬೇರೆ ಕಡೆ ಇದೆಯೆಂದು ನನಗೆ ತೋರುತ್ತದೆ. ಅಂಗಡಿಯವನು ಕೊಳ್ಳುತ್ತಿರುವುದು ಏನನ್ನು? ಎಷ್ಟೋ ಕಡೆ ಮನುಷ್ಯನ ದುಡಿಮೆಯನ್ನಲ್ಲ, ಅವನ ಹೆಸರಿನ ಕಾಗದವನ್ನು. ತಿಂಗಳಿಗೆ ಇಷ್ಟೆಂದು ಬಾಡಿಗೆ ಕೊಟ್ಟರೆ ಕಾಗದ ಗೋಡೆಗೆ ಬರುತ್ತದೆ. ಹೊಲವನ್ನು ಗೇಣಿಗೆ ಕೊಟ್ಟು ಪಟ್ಟಣದಲ್ಲಿರುವ ಒಡೆಯನಂತೆ ಅದರ ಒಡೆಯ ಬೇರೆಲ್ಲಿಯೋ ಇರುತ್ತಾನೆ. ಮಾತ್ರೆಯನ್ನು ಎಣಿಸಿಕೊಡುವವನು ಅಂಗಡಿಯ ಹುಡುಗ. ಕಾಗದಕ್ಕೆ ಹಸಿವಿಲ್ಲ, ಸಂಸಾರವಿಲ್ಲ; ಅದರ ಬಾಡಿಗೆ ಅಗ್ಗ. ಆ ಅಗ್ಗದ ಬೆಲೆಯೇ ನಿಜವಾಗಿ ದುಡಿಯಬಂದವನ ಸಂಬಳವನ್ನೂ ಕೆಳಗೆಳೆಯುತ್ತದೆ.

ಹುಡುಗನನ್ನು ಹಳಿದು ಫಲವಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವ ವೃದ್ಧರೊಬ್ಬರು ಮಂಡಿನೋವಿಗೆಂದು ಐಬುಪ್ರೊಫೆನ್ ಕೇಳಿದರೆ, ಒಳಗೆ ರಕ್ತಸ್ರಾವವಾದೀತೆಂದು ತಡೆಯುವ ತಿಳಿವಳಿಕೆ ಅವನಿಗೆ ಎಲ್ಲಿಂದ ಬರಬೇಕು?

ರಿಜಿಸ್ಟರಾಗದವನು ಔಷಧ ಕೊಟ್ಟರೆ ಬಹುಕಾಲದವರೆಗೆ ಇದ್ದ ದಂಡದ ಮಿತಿ 1,000 ರೂಪಾಯಿ. 2023ರ ಜನವಿಶ್ವಾಸ ಕಾಯಿದೆ ಅದನ್ನು 2 ಲಕ್ಷಕ್ಕೆ ಏರಿಸಿತು. ಮೊತ್ತಕ್ಕಿಂತಲೂ ತನಿಖೆಯ ವೇಳೆ ಮುಖ್ಯ. ಸಂಜೆ ಏಳಕ್ಕೆ, ಗಿರಾಕಿಗಳು ತುಂಬಿರುವಾಗ, ಇನ್ಸ್‌ಪೆಕ್ಟರು ಒಳಹೊಕ್ಕು “ಈ ಪತ್ರದವರು ಎಲ್ಲಿ?” ಎಂದು ಕೇಳುವ ರೂಢಿಯಾದರೆ ಕಾಗದದ ಗಿರಾಕಿ ಇಳಿದು ಮನುಷ್ಯನ ಗಿರಾಕಿ ಏರುವುದು. ಕಾಲೇಜುಗಳು ಹೆಚ್ಚಾದುವೋ ಸಾಲದಾದುವೋ ಎಂಬ ಲೆಕ್ಕವನ್ನು ಆಮೇಲೆ ಹಾಕಬಹುದು.